ತೆಂಗಿನ ಚಿಪ್ಪಿನೊಳಗೆ ಬಾಗ್ದಾದ್

ಇರಾಕ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಸದ್ದಾಂ ಹುಸೇನ್, ಹಗ್ಗ ಕಟ್ಟಿ ಕೆಡವಿದ ಅವನ ಪ್ರತಿಮೆ, ಉರಿಯುವ ತೈಲಬಾವಿ, ಟಿ.ವಿ.ಯಲ್ಲಿ ಹಸಿರು ಹಸಿರಾಗಿ ಕಾಣುತ್ತಿದ್ದ ರಾತ್ರಿಯ ಬಾಂಬ್ ದಾಳಿ. ಹೆಚ್ಚೆಂದರೆ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಟೈಗ್ರಿಸ್, ಯೂಫ್ರೆಟಿಸ್ ನದಿಗಳ ಹೆಸರು. ನನಗೂ ಅಷ್ಟೇ ಗೊತ್ತಿತ್ತು. ಅಲ್ಲಿ ನಮ್ಮ ಹಿಂದೂಸ್ತಾನಿಯ ಹಾಗೆ ಗುರುವಿನ ಎದುರು ಕೂತು ಕಲಿಯಬೇಕಾದ ಒಂದು ಸಂಗೀತವಿದೆ, ಅದನ್ನು ಹಾಡುವ ಹೆಣ್ಣುಮಗಳೊಬ್ಬರು ಊರು ಬಿಟ್ಟು ಬಂದು ಕಾಲು ಶತಮಾನದಿಂದ ಯುರೋಪಿನಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ ಎಂದು ಧಾರವಾಡದ ನನಗೆ ಯಾರು ಹೇಳಬೇಕಿತ್ತು?

ಹೇಳಿದವರು ಪಕ್ಕದ ಮನೆಯವರು.

ಎರಡು ವರ್ಷದ ಹಿಂದೆ ಎಂ.ಎಸ್ಸಿ. ಓದಲು ನೆದರ್ಲೆಂಡ್ಸಿನ ಉಟ್ರೆಕ್ಟ್‌ಗೆ ಬಂದೆ. ಬಾಡಿಗೆ ಕೋಣೆ ಸಿಕ್ಕಿದ್ದು ಊರಂಚಿನ ಹಳೇ ಫ್ಲ್ಯಾಟೊಂದರ ಮೂರನೇ ಮಹಡಿಯಲ್ಲಿ. ಗೋಡೆಗಳು ಎಷ್ಟು ತೆಳು ಅಂದರೆ ನನ್ನ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎಂದು ಪಕ್ಕದವರು ಎಣಿಸಬಹುದು. ಒಂದು ಭಾನುವಾರ ಬೆಳಿಗ್ಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತ ಭೈರವ ಗುನುಗುತ್ತಿದ್ದೆ. ಎಂಟು ವರ್ಷ ಹಿಂದೂಸ್ತಾನಿ ಕಲಿತು, ಪಿಯುಸಿ ಸೈನ್ಸ್ ಸೇರಿದ ಮೇಲೆ ಕ್ಲಾಸಿಗೆ ಹೋಗುವುದು ನಿಂತವಳು ನಾನು. ಆದರೂ ಬೆಳಗಿನ ಹೊತ್ತು ಬಾಯಿಗೆ ಬರುವುದು ಭೈರವವೇ. ಬಾಗಿಲು ಬಡಿದ ಸದ್ದಾಯಿತು. ಅರವತ್ತರ ಆಸುಪಾಸಿನ, ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿದ ಹೆಂಗಸು ನಿಂತಿದ್ದರು. ಗಲಾಟೆ ಮಾಡಬೇಡ ಎಂದು ಬೈಯಲು ಬಂದಿದ್ದಾರೆ ಅಂದುಕೊಂಡು ‘ಸಾರಿ’ ಎನ್ನಲು ಬಾಯಿ ತೆರೆದೆ. ಅವರು ಕೇಳಿದ್ದು ಬೇರೆಯೇ: “ನೀನು ಹಿಜಾಝ್ ಕಾರ್ ಎಲ್ಲಿ ಕಲಿತೆ?”

ಹಿಜಾಝ್ ಕಾರ್ ಅಂದರೆ ಅರಬ್ ಸಂಗೀತದ ಒಂದು ಸ್ವರಶ್ರೇಣಿ. ಕೋಮಲ ರಿಷಭ, ಶುದ್ಧ ಗಾಂಧಾರ, ಕೋಮಲ ಧೈವತ, ಶುದ್ಧ ನಿಷಾದ. ಸ್ವರ ಎಣಿಸಿದರೆ ನಮ್ಮ ಭೈರವವೇ. ಕರ್ನಾಟಕ ಸಂಗೀತ ಕಲಿತವರಿಗಾದರೆ ಮೊದಲ ದಿನದ ಸರಳೆಯ ಮಾಯಾಮಾಳವಗೌಳ. ಅವತ್ತು ಅವಲಕ್ಕಿ ಸೀದುಹೋಯಿತು. ನಾನು ಅವರ ಮನೆಯಲ್ಲಿ ‘ಇಸ್ತಿಕಾನ್’ ಎಂಬ ಪುಟ್ಟ ಗಾಜಿನ ಲೋಟದಲ್ಲಿ ಏಲಕ್ಕಿ ಹಾಕಿದ ಕಡು ಚಹಾ ಕುಡಿಯುತ್ತ ಮಧ್ಯಾಹ್ನದವರೆಗೆ ಕೂತೆ. ಅವರನ್ನು ನಾನು ‘ಖಾಲಾ’ ಅನ್ನುತ್ತೇನೆ, ತಾಯಿಯ ಅಕ್ಕತಂಗಿಯರನ್ನು ಅರಬ್ಬಿಯಲ್ಲಿ ಕರೆಯುವ ಮಾತು. ಪೇಪರಿನಲ್ಲಿ ಹೆಸರು ಬರೆಯಬೇಡ ಎಂದಿದ್ದಾರೆ. “ನನ್ನ ಹೆಸರು ಯಾಕೆ? ಫರೀದಾ ಹೆಸರು ಬರಿ” ಅನ್ನುವುದು ಅವರ ವಾದ.

ಹಾಗಾಗಿ ಮೊದಲು ಫರೀದಾ ವಿಚಾರ.

ಫರೀದಾ ಮಹಮ್ಮದ್ ಅಲಿ ಹುಟ್ಟಿದ್ದು ಕರ್ಬಲಾದಲ್ಲಿ. ಬಾಗ್ದಾದಿನ ಸಂಗೀತ ಸಂಸ್ಥೆಯಲ್ಲಿ ಕಲಿತು ಅಲ್ಲೇ ಶಿಕ್ಷಕಿಯೂ ಆದರು. ಅವರು ಹಾಡುವುದು ‘ಇರಾಕಿ ಮಕಾಮ್’. ಈ ಹಾಡುಗಾರಿಕೆ ಬೆಳೆದದ್ದು ಬಾಗ್ದಾದಿನ ಕಾಫಿ ಅಂಗಡಿಗಳಲ್ಲಿ, ಮನೆಗಳ ಸಮಾರಂಭಗಳಲ್ಲಿ. ಪೈಲ್ವಾನರ ಗರಡಿಮನೆಗಳಲ್ಲೂ ಹಾಡುತ್ತಿದ್ದರಂತೆ. ಕಾಫಿ ಅಂಗಡಿ, ಗರಡಿ ಎರಡೂ ಗಂಡಸರ ಜಾಗ. ಆದ್ದರಿಂದ ದೊಡ್ಡ ಮಕಾಮ್ ಗಾಯಕರೆಂದು ಎಣಿಸುವ ಹೆಸರುಗಳೂ ಗಂಡಸರವೇ: ಮಹಮ್ಮದ್ ಅಲ್ ಕುಬ್ಬಾಂಜಿ, ಯೂಸುಫ್ ಒಮರ್, ನಾಝಿಮ್ ಅಲ್ ಘಝಾಲಿ. ಸಿದ್ದೀಕಾ ಅಲ್ ಮುಲ್ಲಾಯಾ, ಸಲೀಮಾ ಮುರಾದ್ ಅವರಂಥ ಹೆಂಗಸರೂ ಇದ್ದರು, ಜನ ಹುಚ್ಚೆದ್ದು ಕೇಳುತ್ತಿದ್ದರು ಕೂಡ. ಆದರೆ ಹೆಂಗಸರು ಹಾಡಿನ ಕಡೆಗಿರಬೇಕು, ಭಾರವಾದ ಮಕಾಮ್ ಗಂಡಸಿನ ಕಂಠಕ್ಕೇ ಸರಿ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಇದನ್ನು ಖಾಲಾ ಹೇಳುವಾಗ ನನಗೆ ನಮ್ಮ ಗಂಗೂಬಾಯಿ ಹಾನಗಲ್ ನೆನಪಾದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದಪ್ಪಗಾದ ದನಿಯನ್ನೇ ಆಸ್ತಿ ಮಾಡಿಕೊಂಡವರು. ಖಾಲಾಗೆ ಫೋನಿನಲ್ಲಿ ಗಂಗೂಬಾಯಿಯವರ ಒಂದು ಧ್ವನಿಮುದ್ರಣ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ “ಈ ಗಂಡಸು ಯಾರು?” ಅಂದರು. ಹೆಣ್ಣುಮಗಳು ಎಂದಾಗ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಅವರ ಸರದಿ. ಟಿ.ವಿ.ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಫರೀದಾರ ವಿಡಿಯೊ ಹಾಕಿದರು. ತಗ್ಗಿನಲ್ಲಿ ಶುರುವಾಗಿ, ಎಲ್ಲೂ ಬಿರುಕು ಬಿಡದೆ ಮೇಲಕ್ಕೇರಿ, ಅಲ್ಲಿ ನಿಂತು ನಡುಗುವ ದನಿ. ಮಾತೊಂದೂ ಅರ್ಥವಾಗಲಿಲ್ಲ. ಆದರೂ ಮೈಮೇಲೆ ಮುಳ್ಳು ಎದ್ದವು.

ಫರೀದಾರ ಗಂಡ ಮಹಮ್ಮದ್ ಗೊಮಾರ್ ಜೋಝಾ ಎಂಬ ವಾದ್ಯ ನುಡಿಸುವವರು. ಇಬ್ಬರೂ ತಮ್ಮ ತಂಡದೊಂದಿಗೆ 1997ರ ಹೊತ್ತಿಗೆ ಇರಾಕ್ ಬಿಟ್ಟರು, ನೆದರ್ಲೆಂಡ್ಸಿನಲ್ಲಿ ನೆಲೆ ನಿಂತರು, ಇಲ್ಲಿಂದಲೇ ದೇಶದೇಶ ಸುತ್ತಿ ಮಕಾಮ್ ಹಾಡತೊಡಗಿದರು. 1990ರ ಆಗಸ್ಟ್‌ನಿಂದ 2003ರವರೆಗೆ ಇರಾಕ್ ಮೇಲೆ ಆರ್ಥಿಕ ದಿಗ್ಬಂಧನ ಇತ್ತಲ್ಲ, ಆ ಕಾಲದಲ್ಲಿ ದೇಶ ಬಿಟ್ಟ ಕಲಾವಿದರು, ಮೇಷ್ಟ್ರುಗಳು, ಡಾಕ್ಟರುಗಳು ಅಸಂಖ್ಯ. ಖಾಲಾ ಸಹ ಅವರಲ್ಲಿ ಒಬ್ಬರು. ಬಾಗ್ದಾದಿನ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಟೀಚರ್. “ತಿಂಗಳ ಸಂಬಳಕ್ಕೆ ಒಂದು ಟ್ರೇ ಮೊಟ್ಟೆ ಬರುತ್ತಿತ್ತು. ಮೊದಲು ಫ್ರಿಜ್ ಮಾರಿದೆವು, ಆಮೇಲೆ ಪುಸ್ತಕ. ಕೊನೆಗೆ ನನ್ನ ಗಂಡ ತನ್ನ ಊದ್ ಮಾರಿದ. ಅವತ್ತು ರಾತ್ರಿ, ಇನ್ನು ಇಲ್ಲಿ ಬೇಡ ಅಂದ.” ಜೋರ್ಡಾನ್ ಮೂಲಕ ಹೊರಬಿದ್ದರು. ಮಗಳಿಗೆ ಆಗ ಐದು ವರ್ಷ. ಇಲ್ಲಿಗೆ ಬಂದು ಖಾಲಾ ಮಾಡಿದ ಮೊದಲ ಕೆಲಸ ಲಾಂಡ್ರಿಯಲ್ಲಿ ಹಾಸಿಗೆ ವಸ್ತ್ರ ಮಡಚುವುದು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು.

ಇನ್ನು ಮಕಾಮ್ ಅಂದರೇನು? ರಾಗ ಅನ್ನೋಣವೆಂದರೆ ಪೂರ್ತಿ ಸರಿಯಲ್ಲ. ಬೇರೆ ಅರಬ್ ದೇಶಗಳಲ್ಲಿ ಆ ಪದಕ್ಕೆ ಸ್ವರಶ್ರೇಣಿ ಎಂಬಷ್ಟೇ ಅರ್ಥವಿದ್ದರೂ ಇರಾಕಿನಲ್ಲಿ ಅದು ಇಡೀ ಒಂದು ಹಾಡಿಕೆ. ಇಂಥ ಮಕಾಮ್‌ಗೆ ಇಂಥದೇ ಆರಂಭ, ಇಂಥಲ್ಲಿ ಇಂಥ ತಿರುವು, ಮಧ್ಯೆ ಬೇರೆ ಮಕಾಮ್‌ನ ಇಂಥ ತುಣುಕು, ಕೊನೆಗೆ ಇಂಥದೇ ಇಳಿತ ಎಂದು ನಡೆ ಗೊತ್ತುಮಾಡಿದೆ. ಗಾಯಕನ ಸ್ವಾತಂತ್ರ್ಯವೆಲ್ಲ ಆ ದಾರಿಯಲ್ಲಿ ಹೇಗೆ ನಡೆಯುತ್ತಾನೆ ಎಂಬುದರಲ್ಲಿ. ಶುರುವಿನ ಭಾಗಕ್ಕೆ ‘ತಹ್ರೀರ್’ ಎಂದು ಹೆಸರು. ಪದ್ಯ ಇನ್ನೂ ಬಂದಿರುವುದಿಲ್ಲ, ‘ಅಮಾನ್’, ‘ಯಾರ್’ ಎಂಬಂಥ ಮಾತು ಹಿಡಿದು ಆಲಾಪದಂತೆ ಎಳೆಯುತ್ತಾರೆ. ಅರಬ್ಬಿ ಹಾಡಿನ ನಡುವೆ ಪರ್ಷಿಯನ್, ತುರ್ಕಿ ಮಾತುಗಳು ನುಸುಳುತ್ತವೆ. ಮಧ್ಯದಲ್ಲಿ ‘ಮೇಯಾನಾ’ ಬರುತ್ತದೆ: ದನಿ ತಾರಕ್ಕೆ ಏರುವ ಜಾಗ, ಜನ ಉಸಿರು ಬಿಗಿಹಿಡಿಯುವ ಜಾಗ. ಕಡೆಗೆ ‘ತಸ್ಲೂಮ್’, ಮನೆಗೆ ಮರಳುವುದು.

ಹಾಡುವ ಪದ್ಯಗಳಲ್ಲಿ ‘ಝುಹೈರಿ’ ಎಂಬ ಒಂದು ಬಗೆಯಿದೆ. ಆಡುನುಡಿಯಲ್ಲಿ ಏಳು ಸಾಲು. ಮೊದಲ ಮೂರು ಸಾಲು ಒಂದೇ ಪದದಿಂದ ಮುಗಿಯುತ್ತವೆ, ಪ್ರತಿ ಸಲವೂ ಅರ್ಥ ಬೇರೆ. ಮುಂದಿನ ಮೂರಕ್ಕೆ ಇನ್ನೊಂದು ಪದ. ಏಳನೆಯದು ಮತ್ತೆ ಮೊದಲಿನ ಪದಕ್ಕೇ ಬಂದು ನಿಲ್ಲುತ್ತದೆ. ನಮ್ಮ ಕಾವ್ಯದ ಯಮಕವನ್ನು ಕಾಫಿ ಅಂಗಡಿಯಲ್ಲಿ ಕೂರಿಸಿದ ಹಾಗೆ! ಏಳನೇ ಸಾಲಿಗೆ ಕೇಳುಗರು ‘ಆಹ್’ ಅನ್ನುತ್ತಾರಲ್ಲ, ಅದು ರಾಗಕ್ಕೋ ಪದಕ್ಕೋ ಎಂದು ಖಾಲಾಗೂ ಹೇಳಲು ಬರುವುದಿಲ್ಲ.

ಇಷ್ಟು ಗಂಭೀರವಾಗಿ ಹಾಡಿದ ಮೇಲೆ ಜನರನ್ನು ಹಾಗೇ ಮನೆಗೆ ಕಳಿಸುವುದಿಲ್ಲ. ಮಕಾಮ್‌ನ ಬಾಲಕ್ಕೆ ‘ಪಸ್ತಾ’ ಎಂಬ ಹಗುರ ಹಾಡು ಬರುತ್ತದೆ (ಇಟಲಿಯ ತಿಂಡಿಗೂ ಇದಕ್ಕೂ ಸಂಬಂಧವಿಲ್ಲ), ಸಭೆಯೆಲ್ಲ ದನಿಗೂಡಿಸುತ್ತದೆ. ಭೀಮಸೇನ ಜೋಶಿಯವರು ತಾಸುಗಟ್ಟಲೆ ಖಯಾಲ್ ಹಾಡಿ ಆಮೇಲೆ ದಾಸರ ಪದ ಎತ್ತಿಕೊಂಡಾಗ ಹಿಂದಿನ ಸಾಲಿನ ಅಜ್ಜ ಅಜ್ಜಿಯರೂ ಎದ್ದು ಕೂರುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದುದು ಇಂಥದೇ. ಪಸ್ತಾಗಳಲ್ಲಿ ಬಹಳ ಬಳಕೆಯ ತಾಳ ‘ಜುರ್ಜಿನಾ’. ಹತ್ತು ಮಾತ್ರೆ. ಹತ್ತು ಎಂದ ಕೂಡಲೇ ನಾನು ಉತ್ಸಾಹದಿಂದ ಝಪತಾಲ ತಟ್ಟಲು ಹೋದೆ, ಎರಡೇ ಆವರ್ತನಕ್ಕೆ ದಾರಿ ತಪ್ಪಿತು. ನಮ್ಮದು ಎರಡು–ಮೂರು–ಎರಡು–ಮೂರು. ಅವರದು ಮೂರು–ಎರಡು–ಎರಡು–ಮೂರು. ಮೊತ್ತ ಒಂದೇ, ನಡಿಗೆ ಬೇರೆ. ಕಾಲು ಕುಂಟಿದಂತೆಯೂ ಕುಣಿದಂತೆಯೂ ಅನಿಸುತ್ತದೆ. ರಾಸ್ತ್ ಎಂಬ ಮಕಾಮ್‌ನ ಗಾಂಧಾರವಂತೂ ಕೋಮಲವೂ ಅಲ್ಲ ಶುದ್ಧವೂ ಅಲ್ಲ, ಎರಡರ ನಡುವೆ ಕೂರುತ್ತದೆ. ನಮ್ಮ ಗುರುಗಳ ಎದುರು ಆ ಸ್ವರ ಹಚ್ಚಿದ್ದರೆ ‘ಬೇಸೂರ್ ಆತಲ್ಲವಾ’ ಎಂದು ತಂಬೂರಿ ಕೆಳಗಿಡುತ್ತಿದ್ದರು!

ಮಕಾಮ್‌ಗೆ ನುಡಿಸುವ ಹಳೇ ಮೇಳಕ್ಕೆ ‘ಚಾಲ್ಘಿ ಬಾಗ್ದಾದಿ’ ಎನ್ನುತ್ತಾರೆ. ಅದರಲ್ಲಿ ಮುಖ್ಯವಾದವು ಎರಡು. ಒಂದು ಸಂತೂರ್, ತೊಂಬತ್ತಕ್ಕೂ ಹೆಚ್ಚು ತಂತಿಗಳ ಮೇಲೆ ಕಡ್ಡಿಯಿಂದ ಬಡಿದು ನುಡಿಸುವುದು, ಕಾಶ್ಮೀರದ ಸಂತೂರಿನ ದಾಯಾದಿ. ಇನ್ನೊಂದು ಜೋಝಾ. ನಾಲ್ಕು ತಂತಿ, ನೆಟ್ಟಗೆ ನಿಲ್ಲಿಸಿ ಕಮಾನಿನಿಂದ ನುಡಿಸುತ್ತಾರೆ, ದನಿ ಕಮ್ಮಿ, ಮೂಗಿನಲ್ಲಿ ಅತ್ತ ಹಾಗೆ. ಅದರ ಬುರುಡೆ ಎಂಥದು ಗೊತ್ತೇ? ತೆಂಗಿನ ಚಿಪ್ಪು! ಇರಾಕಿನಲ್ಲಿ ಖರ್ಜೂರದ ತೋಟಗಳೇ ತೋಟಗಳು, ತೆಂಗು ಮಾತ್ರ ಇಲ್ಲ. ಅರಬ್ಬಿಯಲ್ಲಿ ತೆಂಗಿನಕಾಯಿಗೆ ‘ಜೌಝ್ ಅಲ್ ಹಿಂದ್’ ಎಂದು ಹೆಸರು. ಹಿಂದೂಸ್ತಾನದ ಕಾಯಿ. ಆ ಕಾಯಿಯ ಹೆಸರೇ ವಾದ್ಯಕ್ಕೂ ಬಂದಿದೆ. ಬಸ್ರಾಕ್ಕೆ ಹೋಗುತ್ತಿದ್ದ ಹಡಗುಗಳು ಮೆಣಸು, ಅಕ್ಕಿ, ತೇಗದ ಜೊತೆ ಏನೇನು ಹೊತ್ತಿದ್ದವು ಎಂದು ಇತಿಹಾಸದ ಪುಸ್ತಕದಲ್ಲಿ ಓದಿದ್ದೆ. ಅದರಲ್ಲೊಂದು ಬಾಗ್ದಾದಿನ ಸಂಗೀತದ ನಡುಮಧ್ಯೆ ಹೀಗೆ ಕೂತಿರುತ್ತದೆ ಎಂದು ಎಣಿಸಿರಲಿಲ್ಲ.

ಈ ಸಂಗೀತ ಊರು ಬಿಟ್ಟದ್ದು ಇದೇ ಮೊದಲಲ್ಲ. ಖಾಲಾ ಈ ಕತೆ ಹೇಳುವಾಗ ದನಿ ತಗ್ಗಿಸುತ್ತಾರೆ. ಅವರು ಬೆಳೆದ ಕಾಲದಲ್ಲಿ ಇದನ್ನು ಗಟ್ಟಿಯಾಗಿ ಹೇಳುವಂತಿರಲಿಲ್ಲ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು. ಇರಾಕಿನಿಂದ ಹಾಡಲು ಹೋದವರು ಮುಸ್ಲಿಂ ಗಾಯಕ ಕುಬ್ಬಾಂಜಿ. ಅವರಿಗೆ ನುಡಿಸಿದವರೆಲ್ಲ ಯಹೂದಿಗಳು. 1936ರಲ್ಲಿ ಬಾಗ್ದಾದ್ ರೇಡಿಯೊ ಶುರುವಾದಾಗ ಅಲ್ಲಿಯ ವಾದ್ಯಮೇಳ ಕಟ್ಟಿದವರೂ ಯಹೂದಿ ಅಣ್ಣತಮ್ಮಂದಿರು: ಪಿಟೀಲಿನ ಸಾಲಿಹ್, ಊದ್‌ನ ದಾವೂದ್ ಅಲ್ ಕುವೈತಿ. ಹುಡುಗರಾಗಿದ್ದಾಗ ಇವರಿಗೆ ಮೊದಲ ಪಿಟೀಲು, ಊದ್ ಸಿಕ್ಕಿದ್ದು ವ್ಯಾಪಾರಕ್ಕೆಂದು ಭಾರತಕ್ಕೆ ಬಂದು ಹೋದ ಸೋದರ ಸಂಬಂಧಿ ಹಿರಿಯರೊಬ್ಬರಿಂದ ಎನ್ನುತ್ತಾರೆ. ಈಜಿಪ್ಟಿನ ಮಹಾಗಾಯಕಿ ಉಮ್ ಕುಲ್ಸೂಮ್ ಬಾಗ್ದಾದಿಗೆ ಬಂದಾಗ ಸಾಲಿಹ್ ರಚಿಸಿ ಸಲೀಮಾ ಮುರಾದ್ ಹಾಡುತ್ತಿದ್ದ ಒಂದು ಹಾಡನ್ನು ಮೆಚ್ಚಿ ಕಲಿತು ತಾನೂ ಹಾಡಿದರು.

1950–51ರಲ್ಲಿ ಸುಮಾರು 1,20,000 ಯಹೂದಿಗಳು ಇರಾಕ್ ಬಿಡಬೇಕಾಯಿತು. ಅವರ ಜೊತೆ ಮೇಳವೇ ಎದ್ದು ಹೋಯಿತು. ಸಂತೂರ್, ಜೋಝಾ ನುಡಿಸಬಲ್ಲವರೇ ಬಾಗ್ದಾದಿನಲ್ಲಿ ಉಳಿಯಲಿಲ್ಲ ಎನ್ನುವಷ್ಟು. ಹೋಗುವ ಮುಂಚೆ ಅವರಿಂದ ಹಾಶಿಮ್ ಅಲ್ ರಜಬ್ ಸಂತೂರನ್ನೂ ಶೌಬಿ ಇಬ್ರಾಹಿಂ ಜೋಝಾವನ್ನೂ ಕಲಿತುಕೊಂಡದ್ದರಿಂದ ಎಳೆ ಕಡಿಯಲಿಲ್ಲ. ಬರೀ ಇಬ್ಬರು! ಸಲೀಮಾ ಮುರಾದ್ ಮಾತ್ರ ಹೋಗಲಿಲ್ಲ. ನಾಝಿಮ್ ಅಲ್ ಘಝಾಲಿಯನ್ನು ಮದುವೆಯಾಗಿ 1974ರಲ್ಲಿ ಸಾಯುವವರೆಗೂ ಇರಾಕಿನಲ್ಲೇ ಇದ್ದರು. ಇತ್ತ ಕುವೈತಿ ಸೋದರರು ಇಸ್ರೇಲಿಗೆ ಹೋಗಿ ಹೊಟ್ಟೆಪಾಡಿಗೆ ಅಂಗಡಿ ಇಟ್ಟರು. ಬಾಗ್ದಾದ್ ರೇಡಿಯೊ ಅವರ ಹಾಡುಗಳನ್ನು ಬಿಡಲಿಲ್ಲ, ಅವರ ಹೆಸರು ಬಿಟ್ಟಿತು. ‘ಜನಪದ’ ಎಂದು ಹಾಕತೊಡಗಿತು. ಖಾಲಾ ತಮ್ಮ ಮದುವೆಯಲ್ಲಿ ಹಾಡಿದ ಪಸ್ತಾ ಸಾಲಿಹ್ ಅವರದು ಎಂದು ತಿಳಿದದ್ದು ನೆದರ್ಲೆಂಡ್ಸಿಗೆ ಬಂದ ಮೇಲೆ.

ಎರಡನೇ ಪಯಣ ಫರೀದಾ ತಲೆಮಾರಿನದು. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ಮ್ಯೂಸಿಯಂ ಲೂಟಿಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಯುನೆಸ್ಕೊ ಇರಾಕಿ ಮಕಾಮನ್ನು ಮನುಕುಲದ ಮೇರು ಪರಂಪರೆಗಳಲ್ಲಿ ಒಂದೆಂದು ಸಾರಿತು. ಪ್ರಶಸ್ತಿ ಬಂದಾಗ ಹಾಡುವವರಲ್ಲಿ ಅನೇಕರು ದೇಶದಲ್ಲೇ ಇರಲಿಲ್ಲ. ಇದ್ದವರಿಗೆ ಮುಂದಿನ ವರ್ಷಗಳಲ್ಲಿ ಉಗ್ರಗಾಮಿ ಗುಂಪುಗಳಿಂದ ಜೀವಬೆದರಿಕೆ. ಇನ್ನು ಕಲಿಯುವವರು ಎಲ್ಲಿಗೆ ಹೋಗಬೇಕು? ಷಿಕಾಗೊದಲ್ಲಿ ಬೆಳೆದ, ಇರಾಕಿ ತಂದೆಯ ಮಗ ಅಮೀರ್ ಎಲ್‌ಸಫಾರ್ ಎಂಬ ಜಾಝ್ ಟ್ರಂಪೆಟ್ ವಾದಕ 2002ರಲ್ಲಿ ಮಕಾಮ್ ಕಲಿಯಲು ಬಾಗ್ದಾದಿಗೆ ಹೋದರು. ಯುದ್ಧ ಬಂತು. ಆಮೇಲೆ ಗುರುಗಳನ್ನು ಹುಡುಕಿಕೊಂಡು ಯುರೋಪಿನ ಊರುಗಳಲ್ಲಿ ಅಲೆದರು. ಇಡೀ ಬಾಗ್ದಾದ್ ಸಂಪ್ರದಾಯದ 56 ಮಕಾಮ್‌ಗಳನ್ನೂ ಬಲ್ಲವರೆಂದು ಹೆಸರಾದ ಹಮೀದ್ ಅಲ್ ಸಾದಿ ಅವರಿಗೆ ಸಿಕ್ಕಿದ್ದು ಲಂಡನ್ನಿನಲ್ಲಿ.

ಖಾಲಾ ಹಾಡುವವರಲ್ಲ. ಕೇಳುವವರನ್ನು ತಯಾರು ಮಾಡುತ್ತಾರೆ. ತಿಂಗಳಿಗೆ ಎರಡು ಶನಿವಾರ ಬಡಾವಣೆಯ ಸಮುದಾಯ ಭವನದ ಒಂದು ಕೋಣೆ ಬಾಡಿಗೆಗೆ ಪಡೆದು ‘ಕೂಟ’ ನಡೆಸುತ್ತಾರೆ. ಹಳೇ ಟೇಪ್ ರೆಕಾರ್ಡರ್, ಪೆಟ್ಟಿಗೆಯ ತುಂಬ ಕ್ಯಾಸೆಟ್, ಖರ್ಜೂರ ತುಂಬಿದ ‘ಕ್ಲೇಚಾ’ (ನಮ್ಮ ಕರಜಿಕಾಯಿಯನ್ನು ಎಣ್ಣೆಗೆ ಬಿಡದೆ ಒಲೆಯಲ್ಲಿ ಸುಟ್ಟಂತೆ). ಒಂದು ಮಕಾಮ್ ಹಾಕುವುದು, ನಿಲ್ಲಿಸುವುದು, ‘ಈಗ ಎಲ್ಲಿಗೆ ಬಂದ?’ ಎಂದು ಕೇಳುವುದು. ಥೇಟ್ ಕೆಮಿಸ್ಟ್ರಿ ಟೀಚರ್. ಬರುವವರು ಎಂಟೋ ಹತ್ತೋ ಮಂದಿ. ನಾಲ್ಕು ಜನ ಇರಾಕಿ ವೃದ್ಧರು, ಒಬ್ಬ ಸಿರಿಯಾದ ಹುಡುಗ, ಇಬ್ಬರು ಡಚ್ ಹೆಂಗಸರು, ಈಗ ನಾನು. ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದೆ. ಬಾಡಿಗೆ ಅವರ ಪಿಂಚಣಿಯಿಂದ.

ಹೋದ ಬೇಸಿಗೆಯಲ್ಲಿ ಬಡಾವಣೆಯ ಉತ್ಸವ ಇತ್ತು. ‘ಎಲ್ಲ ದೇಶದ ಸಂಸ್ಕೃತಿ’ ಎಂಬ ವೇದಿಕೆ. ಸಂಘಟಕರೊಬ್ಬರು ಬಂದು, ನಿಮ್ಮಿಂದ ಬೆಲ್ಲಿ ಡ್ಯಾನ್ಸ್ ಆದರೆ ಚೆನ್ನ, ಹಿಂದುಗಡೆ ಹಾರುವ ಚಾಪೆಯ ಪರದೆ ನಾವೇ ಕಟ್ಟಿಸುತ್ತೇವೆ ಎಂದರು. ಆ ನೃತ್ಯ ನಮ್ಮದಲ್ಲ ಎಂದು ಖಾಲಾ ಹೇಳಿದ್ದು ಅವರಿಗೆ ತಲೆಗೆ ಹೋಗಲಿಲ್ಲ. ಕೊನೆಗೆ ಹದಿನೈದು ನಿಮಿಷ ಕೊಟ್ಟರು. ಕೂಟಕ್ಕೆ ಬರುವ ಒಬ್ಬ ಅಜ್ಜ ಜೋಝಾ ಹಿಡಿದು ಕೂತರು, ಆಮ್ಸ್ಟರ್‌ಡ್ಯಾಮಿನಿಂದ ಬಂದ ಹುಡುಗನೊಬ್ಬ ಹಾಡಿದ. ಎದುರಿಗೆ ಫಲಾಫೆಲ್ ಅಂಗಡಿಯ ಸಾಲು, ಮಕ್ಕಳ ಕಿರುಚಾಟ. ಸರಿಯಾಗಿ ಮೇಯಾನಾ ಏರುವ ಹೊತ್ತಿಗೆ ನಿರೂಪಕ ಗಡಿಯಾರ ತೋರಿಸಿ ಮುಗಿಸಿ ಎಂದು ಸನ್ನೆ ಮಾಡಿದ. ಖಾಲಾ ವೇದಿಕೆಯ ಮುಂದೆ ಹೋಗಿ ಆ ನಿರೂಪಕನಿಗೂ ಹಾಡುಗಾರನಿಗೂ ನಡುವೆ ಗೋಡೆಯಂತೆ ನಿಂತುಬಿಟ್ಟರು, ತಸ್ಲೂಮ್ ಮುಗಿಯುವವರೆಗೆ ಕದಲಲಿಲ್ಲ. ನಾಲ್ಕು ನಿಮಿಷ ಜಾಸ್ತಿ ಆಯಿತು. ಚಪ್ಪಾಳೆ ತಟ್ಟಿದವರು ಮೂವತ್ತು ಜನ ಇರಬಹುದು. ಈ ವರ್ಷ ಉತ್ಸವಕ್ಕೆ ಅವರನ್ನು ಕರೆದಿಲ್ಲ.

ವಿದೇಶದಲ್ಲಿ ಕನ್ನಡ ರಾಜ್ಯೋತ್ಸವಕ್ಕೆ ಹೋದವರಿಗೆ ಈ ಸಂಕಟ ಸ್ವಲ್ಪ ಅರ್ಥವಾದೀತು. ನಾನು ಹೋದ ಒಂದರಲ್ಲಿ ಸಿನಿಮಾ ಹಾಡಿನ ಹನ್ನೆರಡು ನೃತ್ಯಗಳಿದ್ದವು, ಒಂದು ವಚನಕ್ಕೆ ಮೂರು ನಿಮಿಷ ಇತ್ತು. ಸಿನಿಮಾ ಹಾಡು ಬೇಡ ಎನ್ನುತ್ತಿಲ್ಲ, ನಾನೂ ಕುಣಿದೆ. ಆದರೆ ಪರದೇಶಕ್ಕೆ ಹೊತ್ತು ತರುವ ಪೆಟ್ಟಿಗೆಯಲ್ಲಿ ಜಾಗ ಕಮ್ಮಿ, ಹಗುರವಾದದ್ದೇ ಮೊದಲು ಒಳಗೆ ಹೋಗುತ್ತದೆ.

ಖಾಲಾರ ಮಗಳಿಗೆ ಇದೆಲ್ಲ ಹಿಡಿಸುವುದಿಲ್ಲ. ಅವಳದೂ ತಪ್ಪು ಅನ್ನಲಾರೆ. ಯುದ್ಧ ಶುರುವಾದ ವರ್ಷ ಅವಳಿಗೆ ಹತ್ತು. ತರಗತಿಯಲ್ಲಿ ಹುಡುಗರು ದಿನಾ ‘ಬಾಂಬ್ ಎಲ್ಲಿಟ್ಟಿದ್ದೀ’ ಎಂದು ಅವಳ ಚೀಲ ಮುಟ್ಟಿ ನೋಡುತ್ತಿದ್ದರಂತೆ. ಅರಬ್ಬಿ ಅರ್ಥವಾಗುತ್ತದೆ, ಮಾತಾಡುವುದು ಡಚ್ಚಿನಲ್ಲಿ. ಒಂದು ಸಂಜೆ ಊಟಕ್ಕೆ ಕೂತಾಗ ತಾಯಿಗೆ ಹೇಳಿಯೇಬಿಟ್ಟಳು: “ಅಮ್ಮಾ, ನೀನು ಯಾವ ಇರಾಕ್ ಬಗ್ಗೆ ಹೇಳುತ್ತೀಯೋ ಅದು ಈಗ ಇಲ್ಲ. ಅಲ್ಲಿನ ಹುಡುಗರೇ ಇದನ್ನು ಕೇಳುವುದಿಲ್ಲ. ಪಿಂಚಣಿ ಹಣದಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೋ.” ಖಾಲಾ ಏನೂ ಅನ್ನಲಿಲ್ಲ. ಎದ್ದು ಹೋಗಿ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಮಗಳ ತಟ್ಟೆಗೂ ಬಡಿಸಿದರು.

ದಾವೂದ್ ಅಲ್ ಕುವೈತಿಯ ಮೊಮ್ಮಗ ದುದು ತಸ್ಸಾ ಇಸ್ರೇಲಿನಲ್ಲಿ ರಾಕ್ ಹಾಡುಗಾರ. ಅಜ್ಜ ಸತ್ತ ಮೇಲೆ ಹುಟ್ಟಿದವನು. 2011ರಲ್ಲಿ ಅಜ್ಜಂದಿರ ಹಳೇ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರ್ ಹಾಕಿ ಹೊಸದಾಗಿ ಹಾಡಿದ, 2017ರಲ್ಲಿ ರೇಡಿಯೊಹೆಡ್ ತಂಡದ ಅಮೆರಿಕ ಪ್ರವಾಸದಲ್ಲಿ ಅವರಿಗಿಂತ ಮುಂಚೆ ವೇದಿಕೆ ಏರಿದ. ಮಗಳಿಗೆ ಆ ಲಿಂಕ್ ಕಳಿಸಿದೆ. ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಒಂದು ಸಾಲು ಬಂತು: “ಇದು ಅಮ್ಮ ಅಡುಗೆ ಮಾಡುತ್ತ ಹಾಡುವ ಹಾಡಲ್ಲವಾ?” ಹೌದು ಎಂದೆ. ಮುಂದೆ ಮಾತು ಬೆಳೆಯಲಿಲ್ಲ. ಕೂಟಕ್ಕೂ ಅವಳು ಬಂದಿಲ್ಲ. ಆದರೆ ಹೋದ ತಿಂಗಳು ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಒಂದು ಯಂತ್ರ ತಂದು ತಾಯಿಯ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಈಗ ನಾನೂ ಖಾಲಾ ರಾತ್ರಿ ಹೊತ್ತು ಕೂತು ಒಂದೊಂದೇ ಇಳಿಸುತ್ತಿದ್ದೇವೆ. ಒಟ್ಟು 214. ಇಲ್ಲಿಯವರೆಗೆ 31 ಮುಗಿದಿವೆ. ಕೆಲವದರಲ್ಲಿ ಹಾಡಿನ ಮಧ್ಯೆ ಬಾಗ್ದಾದಿನ ಮನೆಯ ಬಾಗಿಲ ಗಂಟೆ, ಯಾರೋ ಯಾರನ್ನೋ ಊಟಕ್ಕೆ ಕರೆಯುವ ದನಿ. ಒಂದರಲ್ಲಿ ಖಾಲಾರ ಗಂಡ ಕೆಮ್ಮುವುದು ಕೇಳುತ್ತದೆ. ಅದನ್ನು ಅಳಿಸಿ ಶುದ್ಧ ಮಾಡಬಹುದು ಎಂದೆ. ಬೇಡ ಅಂದರು.

ಇನ್ನೊಂದು ಕೆಲಸ ನನ್ನ ಕೊರಳಿಗೆ ಬಿದ್ದಿದ್ದು ಜೋಝಾ ಅಜ್ಜನಿಂದ. ಎಪ್ಪತ್ತೆಂಟರ ಅವರು ಅಡುಗೆಮನೆಯಲ್ಲೇ ಜೋಝಾ ಮಾಡುತ್ತಾರೆ. ಇಲ್ಲಿಯ ಅಂಗಡಿಗಳಲ್ಲಿ ಸಿಗುವ ತೆಂಗಿನಕಾಯಿಯ ಚಿಪ್ಪು ತೆಳು, ಬೇಗ ಸೀಳುತ್ತದೆ ಎಂಬುದು ಅವರ ದೂರು. ನಾನು ಹಿಂದೂಸ್ತಾನದವಳು, ಅದರಲ್ಲೂ ತೆಂಗಿನ ಸೀಮೆಯ ನಂಟಿರುವವಳು ಎಂದು ತಿಳಿದ ಮೇಲೆ ಬಿಡಲಿಲ್ಲ. ರಜೆಗೆ ಬಂದಾಗ ಕುಮಟಾದ ಸೋದರಮಾವನಿಗೆ ಹೇಳಿದೆ. ಮಾವ ಎರಡು ಹೋಳು ಮಾಡಿ ತಂದ. ನಡುವೆ ಒಡೆದದ್ದು ಆಗುವುದಿಲ್ಲ ಮಾವ, ಕಾಯಿ ಮುಕ್ಕಾಲು ಹಾಗೇ ಇರಬೇಕು, ಒಂದು ಕಡೆ ಚರ್ಮ ಬಿಗಿಯಲಿಕ್ಕೆ, ಹಿಂದೆ ದನಿ ಹೊರಬೀಳಲಿಕ್ಕೆ, ಎರಡೂ ತುದಿ ಗರಗಸದಿಂದ ಕೊಯ್ಯಬೇಕು ಎಂದೆ. “ಕಾಯಿ ಒಡಿಯೂದು ಬಿಟ್ಟು ಕೊಯ್ಯೂದಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆದರೂ ಅಟ್ಟದ ಮೇಲೆ ಒಣಗಿದ್ದ ಹಳೇ ಕಾಯಿಗಳಲ್ಲಿ ದುಂಡಗಿನವನ್ನು ಆರಿಸಿ, ಕೊಬ್ಬರಿ ಬಿಡಿಸಿ, ಚಿಪ್ಪು ಉಜ್ಜಿ ನಾಲ್ಕು ಕೊಟ್ಟ. ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಬೆಂಕಿ ಹತ್ತುತ್ತದೆಂದು. ಬರೀ ಚಿಪ್ಪಿಗೆ ತಕರಾರು ಇರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯವರು ತಿರುಗಿಸಿ ತಿರುಗಿಸಿ ನೋಡಿ, ಇದೇನು ಎಂದರು. ವಾದ್ಯ ಎಂದೆ. ನಂಬಲಿಲ್ಲ, ಬಿಟ್ಟರು.

ಅಜ್ಜ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟರು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ಮತ್ತೆ ತಟ್ಟಿದರು. ಒಂದರಲ್ಲಿ ಕೂದಲೆಳೆಯ ಬಿರುಕು ಇದೆಯೆಂದು ಪಕ್ಕಕ್ಕಿಟ್ಟರು. ಎರಡನ್ನು ಇರಲಿ ನೋಡೋಣ ಎಂದರು. ನಾಲ್ಕನೆಯದನ್ನು ಮತ್ತೊಮ್ಮೆ ತಟ್ಟಿ ಖಾಲಾರ ಕಿವಿಗೆ ಹಿಡಿದರು. ಖಾಲಾ ತಲೆಯಾಡಿಸಿದರು. ಅದಕ್ಕೆ ಚರ್ಮ ಹಾಕಿ ಒಣಗಲು ಇನ್ನೂ ಮೂರು ವಾರ ಬೇಕಂತೆ.